‘ಸಂಪೀಡಿತ ವಾಯು ವಾಹನ’ಕ್ಕೆ ಬೇರೆ ಪದವುಂಟೇ? (ಫಲಕಕ್ಕಾಗಿ, ಸ್ವಲ್ಪ ತುರ್ತು)

ಮಾನ್ಯರೇ,

ಕಾಸರಗೋಡು ಜಿಲ್ಲೆಯ ನಮ್ಮ ಉಪಜಿಲ್ಲಾ ಶಾಸ್ತ್ರೋತ್ಸವಕ್ಕಾಗಿ (ಶಾಲಾ ವಿಜ್ಞಾನ ಮೇಳಕ್ಕಾಗಿ) ನಮ್ಮ ಕನ್ನಡ ಮಾಧ್ಯಮದ ಮಕ್ಕಳು, ಸೈಕಲ್ ಪಂಪಿನಿಂದ ಬಾಟಲಿಗೆ ತುಂಬಿದ ಗಾಳಿಯ ಬಲದಲ್ಲಿ ಓಡುವ ಪುಟ್ಟ ಕಾರೊಂದನ್ನು ಮಾಡಿದ್ದಾರೆ. ಪೆಟ್ರೋಲಿಗೆ ಬದಲಾಗಿ ಸುಮಾರು 300 ಬಾರ್ (ವಾತಾವರಣದ ಒತ್ತಡದ ಸುಮಾರು 300 ಪಟ್ಟು) ಒತ್ತಡದ ಗಾಳಿಯನ್ನು ಬಳಸುವ ಕಾರನ್ನು ಫ್ರಾನ್ಸಿನ ಎಂಜಿನಿಯರ್ ಗೀ ನೆಗ್ರ್ ರೂಪಿಸಿದುದನ್ನೂ 2007ರಲ್ಲಿ ಟಾಟಾ ಮೋಟಾರ್ಸ್ ಕಂಪನಿಯು ನೆಗ್ರ್ ಅವರ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡುದನ್ನೂ ತಿಳಿಸುವ ಫಲಕಕ್ಕೆ ತಲೆಬರಹ ಬೇಕಾಗಿದೆ. ‘ಸಂಪೀಡಿತ ವಾಯು ವಾಹನ’ ಎನ್ನಬಹುದು. ಆದರೆ ‘ಪೀಡಿತ’ ಎಂಬುದನ್ನು ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರಿನ ಜೊತೆಗೇ ಓದಿ ಬೆಳೆದ ಇಲ್ಲಿನ ಮಕ್ಕಳು, ಗಾಳಿಗೆ ಯಾವ ಕಾಯಿಲೆಯೆಂದು ಕೇಳುತ್ತಾರೆ. ಮಲಯಾಳದಲ್ಲಿ ಒತ್ತಡಕ್ಕೆ ‘ಮರ್ದಂ’ ಎನ್ನುವುದರಿಂದ ಒಬ್ಬ ಹುಡುಗ ‘ಮರ್ದಿತ ವಾಯು’ ಎಂದು ಬರೆದ. ಕನ್ನಡದಲ್ಲಿ ಮರ್ದನವಾಗುವುದು ಮಹಿಷಾಸುರನಿಗೆ. ಸೋಮವಾರ ಫಲಕ ಬರೆಯುವವರು ಬರುತ್ತಾರೆ.

— ಕುಂಬಳೆಯ ಅಧ್ಯಾಪಕ

ಮಾಸ್ತರರೇ, ‘ಅದುಮುಗಾಳಿ’ ಎನ್ನಿ. ‘ಅದುಮು’ ಕಿಟ್ಟೆಲರ ಕೋಶದಲ್ಲಿಯೂ ಇದೆ, ಉಪ್ಪಿನಕಾಯಿಯ ಭರಣಿ ತುಂಬುವವರ ಬಾಯಲ್ಲಿಯೂ ಇದೆ. ಕೈಯಳತೆಯಲ್ಲಿ ಧಾತುವಿರುವಾಗ ಸಂಸ್ಕೃತದ ಕ್ತಪ್ರತ್ಯಯಕ್ಕೆ (‘ಪೀಡಿತ’, ‘ಮರ್ದಿತ’ಗಳ ಕೊನೆಯ ‘ಇತ’ಕ್ಕೆ) ಕೈಯೊಡ್ಡುವುದು ನಮ್ಮ ಹಳೆಯ ಚಾಳಿ.

— ಬದಿಯಡ್ಕದಿಂದ

‘ಬೀಸುಗಾಳಿ’ ಎಂದರೆ ಬೀಸುವ ಗಾಳಿ. ‘ಅದುಮುಗಾಳಿ’ ಎಂದರೆ ಅದುಮುವ ಗಾಳಿ. ಇಲ್ಲಿ ಗಾಳಿ ಕರ್ತೃವಲ್ಲ, ಕರ್ಮ. ಸಲಹೆ ನಿಲ್ಲುವುದಿಲ್ಲ. ಟಯರು ಅಂಗಡಿಯ ಹುಡುಗನೂ ‘ಕಂಪ್ರೆಸರ್’ ಎನ್ನುತ್ತಿರುವಾಗ ‘ಕಂಪ್ರೆಸ್ಡ್ ಏರ್ ಕಾರು’ ಎಂದು ಬರೆದರೆ ಯಾರಿಗೂ ಅರ್ಥವಾಗುತ್ತದೆ.

— ಮಂಜೇಶ್ವರದಿಂದ

ಹುರಿಗಡಲೆಯಲ್ಲಿ ಕಡಲೆ ತಾನೇ ಯಾರನ್ನಾದರೂ ಹುರಿಯುತ್ತದೆಯೇ? ಕುಡಿನೀರು ಕುಡಿಯುತ್ತದೆಯೇ? ಸಮಾಸದ ಅರ್ಥವನ್ನು ಬಳಕೆ ನಿರ್ಣಯಿಸುತ್ತದೆ. ಕಾರು, ಪಂಪು, ಟಯರುಗಳನ್ನು ನಾನೂ ಬಿಟ್ಟುಕೊಟ್ಟಿದ್ದೇನೆ. ಆದರೆ ಫಲಕದ ಅರ್ಧ ಮಲಯಾಳವೂ ಉಳಿದರ್ಧ ಕನ್ನಡ ಲಿಪಿಯ ಇಂಗ್ಲಿಷೂ ಆದರೆ, ಈ ಜಿಲ್ಲೆಯಲ್ಲಿ ಕನ್ನಡ ಫಲಕ ಬೇಕೆಂದು ನಾವು ಕೇಳುವುದಾದರೂ ಯಾವ ಮುಖದಿಂದ?

— ಬದಿಯಡ್ಕದಿಂದ

ಇಬ್ಬರೂ ಪೂರ್ವಪದಕ್ಕೇ ಜೋತುಬಿದ್ದಿದ್ದೀರಿ. ಮಾಸ್ತರರು ‘ಪೆಟ್ರೋಲಿಗೆ ಬದಲಾಗಿ’ ಎಂದಿರುವಲ್ಲಿಯೇ ನಿಜವಾದ ತೊಡಕಿದೆ. ಗಾಳಿ ಇಂಧನವಲ್ಲ, ಶಕ್ತಿಯನ್ನು ಕೂಡಿಡುವ ಉಗ್ರಾಣ ಮಾತ್ರ; ಅದನ್ನು ಅದುಮುವ ಕಂಪ್ರೆಸರಿಗೆ ವಿದ್ಯುತ್ತು ಬೇಕು, ಆ ವಿದ್ಯುತ್ತು ಕಲ್ಲಿದ್ದಲಿನದಾದರೆ ಹೊಗೆ ಕಾರಿನ ಹಿಂಬದಿಯಿಂದ ಸ್ಥಾವರದ ಚಿಮಣಿಗೆ ಸ್ಥಳಾಂತರವಾದಂತೆ. ಅದುಮುವಾಗ ಗಾಳಿ ಬಿಸಿಯಾಗಿ ಶಕ್ತಿಯ ಒಂದು ಪಾಲು ಅಲ್ಲಿಯೇ ಸೋರಿಹೋಗುತ್ತದೆ, ಹಿಗ್ಗುವಾಗ ಅತಿಯಾಗಿ ತಣ್ಣಗಾಗುತ್ತದೆ. 1879ರಿಂದ ಫ್ರಾನ್ಸಿನ ನಾಂತ್ ನಗರದಲ್ಲಿ ಓಡಿದ ಮೆಕಾರ್ಸ್ಕಿ ಎಂಬವರು ರೂಪಿಸಿದ ಗಾಳಿ ಟ್ರಾಮುಗಳಲ್ಲಿ, ಗಾಳಿಯನ್ನು ಎಂಜಿನಿಗೆ ಬಿಡುವ ಮೊದಲು ಬಿಸಿನೀರಿನ ಮೂಲಕ ಹಾಯಿಸುತ್ತಿದ್ದುದು ಇದಕ್ಕಾಗಿಯೇ. ಆದುದರಿಂದ ‘ಗಾಳಿ ಇಂಧನದ ವಾಹನ’ ಎಂದು ಮಾತ್ರ ಬರೆಸಬೇಡಿ. ಬರಿಯ ‘ಗಾಳಿ ಕಾರು’ ಕೂಡ ಬೇಡ. ಗಾಳಿಮಾತು, ಗಾಳಿಗೋಪುರಗಳ ಸಾಲಿನಲ್ಲಿ ಕುಳಿತುಬಿಡುತ್ತದೆ. ಸಮಾಸದ ಜಗಳವೇ ಬೇಡವೆಂದಾದರೆ ‘ಅದುಮಿದ ಗಾಳಿಯ ಕಾರು’ ಎಂದು ಬಿಡಿಸಿ ಬರೆಯಿರಿ.

— ಮುಳ್ಳೇರಿಯದಿಂದ

ಹಾಗೆಯೇ ಆಗಲಿ. ಕರಡಿನ ಎರಡನೆಯ ಸಾಲಿನಲ್ಲಿ ನಾನೇ ‘ಇಂಧನ’ ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಮಕ್ಕಳಿಗೆ ‘ಅದುಮಿದ’ ಎಂಬುದು ಕೂಡಲೇ ತಿಳಿಯಿತು. ಪಂಪನ್ನು ಅದುಮಿದವರು ಅವರೇ ಅಲ್ಲವೇ.

— ಕುಂಬಳೆಯ ಅಧ್ಯಾಪಕ