ಕಣ್ಣು ಮುಚ್ಚಿ ಕೂತರೆ ಅಪ್ಪನಿಗೆ ಭಯ ಜಾಸ್ತಿ ಆಗುತ್ತದೆ, ಮೈಂಡ್‌ಫುಲ್‌ನೆಸ್ ಬಿಡಿಸಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪ ಸೇನೆಯಿಂದ ನಿವೃತ್ತರಾದವರು, ಪಿಟಿಎಸ್‌ಡಿ (ಭಯಾನಕ ಘಟನೆಗಳ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇದೆ. ರಾತ್ರಿ ಬೆಚ್ಚಿ ಏಳುತ್ತಾರೆ. ಬಾಗಿಲು ಜೋರಾಗಿ ಬಡಿದರೂ ಬೆವರುತ್ತಾರೆ. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸದ ತರಬೇತಿಗೆ ಸೇರಿಸಿದೆವು. ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದಾಗ ಹಳೆಯದೆಲ್ಲ ನುಗ್ಗಿ ಬಂತಂತೆ, ಎದ್ದು ಹೊರಗೆ ಬಂದುಬಿಟ್ಟರು. ಇದು ಅವರಿಗೆ ಆಗಿಬರೋದಿಲ್ವಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್): ನಿಮ್ಮ ತಂದೆಯವರು ಎದ್ದು ಬಂದದ್ದು ಸರಿಯಾಗೇ ಇದೆ. ಸುತ್ತಮುತ್ತ ಸದಾ ಕಣ್ಣಿಟ್ಟಿರುವುದೇ ಯುದ್ಧಭೂಮಿಯಲ್ಲಿ ಜೀವ ಉಳಿಸುತ್ತದೆ. ಅಲ್ಲಿಂದ ಬಂದವರಿಗೆ ಅಪರಿಚಿತರ ನಡುವೆ ಕಣ್ಣು ಮುಚ್ಚುವುದು ಕಾವಲು ಬಿಟ್ಟಂತೆ ಅನಿಸುತ್ತದೆ. ಕೆಲವರಿಗೆ ಉಸಿರಿನ ಮೇಲೆ ಗಮನ ಇಟ್ಟರೇ ಎದೆಬಡಿತ ಏರುತ್ತದೆ.

ಕಣ್ಣು ತೆರೆದೇ ಇರಲಿ. ಬೆನ್ನು ಗೋಡೆಗೆ, ಬಾಗಿಲು ಕಣ್ಣಿಗೆ ಕಾಣುವ ಹಾಗೆ ಕೂರಲಿ. ಉಸಿರಿನ ಬದಲು ನೆಲಕ್ಕೆ ತಾಗಿದ ಪಾದಗಳನ್ನೋ ಕಿವಿಗೆ ಬೀಳುವ ಸದ್ದುಗಳನ್ನೋ ಗಮನಿಸಲಿ. ಕೂರೋಕೆ ಆಗದಿದ್ದರೆ ನಿಧಾನವಾಗಿ ನಡೆಯುತ್ತಾ ಮಾಡಬಹುದು, ಅದೂ ಪೂರ್ತಿ ಅಭ್ಯಾಸವೇ. ಮೊದಲಿಗೆ ಎರಡು ಮೂರು ನಿಮಿಷ ಸಾಕು. ಸಾಕೆನಿಸಿದಾಗ ನಿಲ್ಲಿಸುವ ಹಕ್ಕು ಅವರದ್ದೇ. ಇದಕ್ಕೆ ಒಪ್ಪದ ತರಬೇತುದಾರರಿದ್ದರೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ತುಂಬಾ ಸಮಾಧಾನ ಆಯ್ತು. ಇದನ್ನು ಚೆನ್ನಾಗಿ ಮಾಡಿದರೆ ಬೇರೆ ಚಿಕಿತ್ಸೆ ನಿಲ್ಲಿಸಬಹುದಾ? ಮಾತ್ರೆ ಅಂದರೆ ಅವರಿಗೆ ಬೇಸರ.

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪಿಟಿಎಸ್‌ಡಿ ಇದ್ದ 116 ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮೈಂಡ್‌ಫುಲ್‌ನೆಸ್ ಕಲಿಸಿದರು, ಉಳಿದವರಿಗೆ ಸದ್ಯದ ಸಮಸ್ಯೆಗಳ ಬಗ್ಗೆ ಮಾತಾಡುವ ಗುಂಪು ಚಿಕಿತ್ಸೆ ಕೊಟ್ಟರು. ತರಬೇತಿ ಮುಗಿದು ಎರಡು ತಿಂಗಳಾದ ಮೇಲೆ ಮೊದಲ ಗುಂಪಿನಲ್ಲಿ ಸುಮಾರು ಶೇ 49ರಷ್ಟು, ಎರಡನೆಯದರಲ್ಲಿ ಶೇ 28ರಷ್ಟು ಮಂದಿಗೆ ಒಳ್ಳೆಯ ಸುಧಾರಣೆ ಕಂಡಿತ್ತು. ಆದರೆ ಪಿಟಿಎಸ್‌ಡಿಯಿಂದಲೇ ಹೊರಬಂದವರ ಲೆಕ್ಕದಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ತೀವ್ರತೆ ತಗ್ಗುವುದೂ ದೊಡ್ಡ ವಿಷಯವೇ, ಅಲ್ವಾ? ಆದರೂ ಆ ಘಟನೆಯ ನೆನಪನ್ನೇ ನೇರವಾಗಿ ಎದುರಿಸಲು ಕಲಿಸುವ ಚಿಕಿತ್ಸೆಗಳು ಮುಖ್ಯ. ಪ್ರೊಲಾಂಗ್ಡ್ ಎಕ್ಸ್‌ಪೋಷರ್ (ತಪ್ಪಿಸಿಕೊಳ್ಳುತ್ತಿದ್ದ ನೆನಪನ್ನು ಹಂತಹಂತವಾಗಿ ಎದುರಿಸುವುದು), ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಆ ನೆನಪನ್ನು ತಂದುಕೊಳ್ಳುವುದು) ಅಂಥವು. ಮೈಂಡ್‌ಫುಲ್‌ನೆಸ್ ಅವುಗಳ ಜೊತೆಗಿರಲಿ. ಮಾತ್ರೆಯ ಬಗ್ಗೆ ಇರುವ ಬೇಸರವನ್ನು, ಅದನ್ನು ಬರೆದುಕೊಟ್ಟ ವೈದ್ಯರ ಹತ್ತಿರವೇ ಹೇಳಲಿ, ತಾವಾಗೇ ಬಿಡುವುದು ಬೇಡ.

ಇನ್ನೊಂದು ಮಾತು. "ಬದುಕಿ ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ, ಕುಡಿತ ಹೆಚ್ಚಾದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಒಬ್ಬರನ್ನೇ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.