ತೋಟದ ಜಲ್ಲಿ ರೋಡಿಗೆ ಅಲ್ಲಾಡದ ಸ್ಯಾಡಲ್ ಬ್ಯಾಗ್ ಯಾವ್ದು ತಗೊಳ್ಲಿ?

ತೋಟದ_ಗಾಲಿ (ಚಿಕ್ಕಮಗಳೂರು)

ನಮಸ್ಕಾರ ಎಲ್ರಿಗೂ. ನಂದು ಗ್ರಾವೆಲ್ ಬೈಕು (ಜಲ್ಲಿ ಮಣ್ಣು ರೋಡಿಗೆ ಅಂತಾನೇ ಇರೋ ಸೈಕಲ್ಲು), 40 ಎಂಎಂ ಟಯರು, ಸ್ಟೀಲ್ ಫ್ರೇಮು, ಸೀಟ್‌ಪೋಸ್ಟ್ (ಸೀಟು ಹೊರೋ ಕಂಬ) ಮಾತ್ರ ಕಾರ್ಬನ್, 27.2 ಎಂಎಂ ದಪ್ಪ. ಟಾರ್ ರೋಡಲ್ಲಿ ಓಡ್ಸೋದು ಕಮ್ಮಿ, ಆಲ್ದೂರು ಮಲ್ಲಂದೂರು ಕಡೆ ತೋಟದ ಜೀಪ್ ರೋಡ್‌ಗಳೇ ಜಾಸ್ತಿ (ಗೊತ್ತಿರೋರ ತೋಟ, ಕೇಳ್ಕೊಂಡೇ ಹೋಗೋದು, ಯಾರೂ ಬೈಬೇಡಿ). ಇಳಿಜಾರಲ್ಲಿ ದಪ್ಪ ಜಲ್ಲಿ ಮೇಲೆ ಬಿಟ್ರೆ ಹಿಂದ್ಗಡೆ ಸೀಟಿನ ಕೆಳಗಿರೋ ಬ್ಯಾಗು ಆ ಕಡೆ ಈ ಕಡೆ ತೂಗಾಡ್ತಾ ತೊಡೆಗೆ ಬಡಿಯುತ್ತೆ, ಸ್ವಲ್ಪ ದೂರ ಹೋಗಿ ನೋಡಿದ್ರೆ ವೆಲ್ಕ್ರೋ ಸಡಿಲ ಆಗಿ ಜೋತಾಡ್ತಿರುತ್ತೆ. ಮೊನ್ನೆ ಪೂರ್ತಿ ಕಿತ್ಕೊಂಡು ಬಿದ್ದೇ ಹೋಯ್ತು, ಹಿಂದೆ ಬರ್ತಿದ್ದ ಫ್ರೆಂಡ್ ನೋಡಿದ್ದಕ್ಕೆ ಸಿಕ್ತು, ಇಲ್ಲಾಂದ್ರೆ ಕಾಫಿ ಗಿಡದ ಬುಡದಲ್ಲಿ ಮಲ್ಟಿಟೂಲ್ ಹುಡುಕ್ತಾ ಉಂಬಳಕ್ಕೆ ರಕ್ತದಾನ ಮಾಡ್ಬೇಕಿತ್ತು.

ಒಳಗಿರೋದು ಒಂದು ಟ್ಯೂಬು, ಟಯರ್ ಲಿವರ್, ಮಲ್ಟಿಟೂಲ್, ಟ್ಯೂಬ್‌ಲೆಸ್ ಪ್ಲಗ್ಗು (ಟಯರ್ ತೂತಿಗೆ ತುರುಕೋ ಬತ್ತಿ), ಚೈನಿಗೆ ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡ್ಸೋ ಕೊಂಡಿ), ಗಾಳಿ ತುಂಬೋಕೆ 25 ಗ್ರಾಂ ಸಿಓಟು ಸಿಲಿಂಡರು ಅಷ್ಟೇ. ಬ್ಯಾಗು ಒಂದೂವರೆ ಲೀಟರಿಂದು, ಬೇಕಾದ್ರೆ ಮಳೆ ಜಾಕೆಟ್ಟೂ ತುರುಕ್ಬೋದು ಅಂತ. ಈಗ ಹೊಸದು ನೋಡ್ತಿದೀನಿ, ಬೋವಾ ಡಯಲ್ (ಸಣ್ಣ ತಂತಿ ಎಳೆಯೋ ಗುಂಡಿ) ತಿರುಗ್ಸಿ ಬಿಗಿಯೋದು ಒಂದು, ರೈಲಿಗೆ (ಸೀಟಿನ ಕೆಳಗಿನ ಎರಡು ಸರಳಿಗೆ) ಕ್ಲಿಪ್ ಕೂರ್ಸಿ ಟಕ್ ಅಂತ ಹಾಕೋದು ಒಂದು, ಬರೀ ಪಟ್ಟಿ ಸುತ್ತೋದು ಒಂದು. ಒರಟು ರೋಡಿಗೆ ಯಾವ್ದು ನಿಲ್ಲುತ್ತೆ?

---

ಹಾಸನ್_ಹೈದ

ಗುರು, ಬ್ರ್ಯಾಂಡ್ ಆಮೇಲೆ ಮಾತಾಡಣ. ಇಷ್ಟು ಸಾಮಾನಿಗೆ ಒಂದೂವರೆ ಲೀಟರ್ ಯಾಕ್ ಬೇಕು? ಮುಕ್ಕಾಲು ಲೀಟರ್ ಬೇಕಾದಷ್ಟಾಯ್ತು. ಪಟ್ಟಿ ಸರಿ ಇಲ್ದೆ ಅಲ್ಲಾಡುತ್ತೆ ಅಂತ ಎಲ್ರೂ ಹೇಳ್ತಾರೆ, ಅರ್ಧ ನಿಜ ಅದು. ಒಳಗೆ ಜಾಗ ಖಾಲಿ ಇದ್ರೆ ಮಲ್ಟಿಟೂಲು ಸಿಲಿಂಡರು ಎರಡೂ ಗುಂಡಿ ಗುಂಡಿಗೂ ಎಗರಿ ಎಗರಿ ಒಳಗಿಂದ್ಲೇ ಗುದ್ದುತ್ತೆ, ಬ್ಯಾಗು ಹಂಗೇ ಚೂರುಚೂರೇ ಕುಗ್ಗುತ್ತೆ, ಕುಗ್ಗಿದ್ ಮೇಲೆ ಮನೇಲಿ ಎಷ್ಟೇ ಬಿಗಿದಿದ್ರೂ ಪಟ್ಟಿ ಹಿಡಿಯೋದು ಏನನ್ನ? ಅಲ್ಲಿಗೆ ಸಡಿಲ. ಜಿಪ್ ಎಳೆಯೋಕೆ ಸ್ವಲ್ಪ ಕಷ್ಟ ಆಗ್ಬೇಕು, ಅಷ್ಟು ಚಿಕ್ಕದು ತಗೊಳ್ಳಿ. ಜಾಕೆಟ್ ಜರ್ಸಿ ಜೇಬಿಗೆ.

ತುಂಬೋದ್ರಲ್ಲೂ ಕ್ರಮ ಇದೆ. ಭಾರದ್ದು ಸೀಟ್‌ಪೋಸ್ಟ್ ಕಡೆಗೆ, ಆದಷ್ಟೂ ಮೇಲೆ ರೈಲಿನ ಹತ್ರ. ಬಾಲದ ಕಡೆ ಹಗುರದ್ದು. ಟೂಲನ್ನ ಹಳೇ ಬನಿಯನ್ ತುಂಡಲ್ಲಿ ಸುತ್ತಿ, ಟ್ಯೂಬನ್ನ ಕಾಲುಚೀಲದೊಳಗೆ ಹಾಕಿ. ಸದ್ದು ನಿಲ್ಲೋದಷ್ಟೇ ಅಲ್ಲ, ಟೂಲಿನ ಮೂಲೆ ಉಜ್ಜಿ ಉಜ್ಜಿ ಹೊಸ ಟ್ಯೂಬೇ ತೂತಾಗಿರುತ್ತೆ, ಪಂಚರ್ ಆದ ದಿನಾನೇ ಗೊತ್ತಾಗೋದು ಅದು. ಟಿಪಿಯು (ತೆಳು ಪ್ಲಾಸ್ಟಿಕ್ ಥರದ್ದು) ಟ್ಯೂಬ್ ತಗೊಂಡ್ರೆ ಜಾಗ ಇನ್ನೂ ಉಳಿಯುತ್ತೆ, ಮಾಮೂಲಿ ಬ್ಯುಟೈಲ್ ರಬ್ಬರಿಂದು ಈ ಸೈಜಲ್ಲಿ 150 ಗ್ರಾಮಿನ ಮೇಲೇನೇ, ಟಿಪಿಯು ಅದರ ಅರ್ಧನೂ ಬರಲ್ಲ. ಆದ್ರೆ ಅದಕ್ಕೆ ಮಾಮೂಲಿ ಪ್ಯಾಚ್ ಕೂರಲ್ಲ, ಅದರದ್ದೇ ಪ್ಯಾಚ್ ಬೇಕು, ಮಡಚಿಟ್ಟದ್ದು ಉಜ್ಜದ ಹಾಗೂ ನೋಡ್ಕೋಬೇಕು.

---

ಹೆತ್ತೂರ್_ಮಳೆ (ಸಕಲೇಶಪುರ)

ಹೈದ ಹೇಳಿದ್ದು ಸರಿ ಇದೆ ಆದ್ರೆ ನಮ್ ಕಡೆ ಮಳೇಲಿ ವೆಲ್ಕ್ರೋ ವಿಷಯ ಬೇರೆ ಮಾರಾಯ್ರೆ. ಹಿಂದಿನ ಚಕ್ರದಿಂದ ಎಗರೋ ಕೆಸರು ನೇರ ಬಂದು ಕೂರೋದೇ ಅಲ್ಲಿಗೆ. ಆ ಸಣ್ಣ ಸಣ್ಣ ಕೊಕ್ಕೆಗಳ ಮಧ್ಯೆ ಮಣ್ಣು ತುಂಬ್ಕೊಂಡ್ರೆ ಹಿಡಿತ ಹೋಯ್ತು, ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ಕಿ ತೊಳೆದ್ರೆ ಸ್ವಲ್ಪ ವಾಪಸ್ ಬರುತ್ತೆ. ನೈಲಾನ್ ಪಟ್ಟಿ ನೆನೆದ್ರೆ ಚೂರು ಉದ್ದನೂ ಆಗುತ್ತೆ, ಮನೇಲಿ ಒಣಗಿದ್ದಾಗ ಟೈಟ್ ಮಾಡಿದ್ದು ಬಿಸಿಲೆ ಘಾಟ್ ಕಡೆ ಮಳೇಲಿ ಟೈಟ್ ಇರಲ್ಲ.

ವೊಯ್ಲ್ ಸ್ಟ್ರಾಪ್ ಅಂತ ಬರುತ್ತೆ ನೋಡಿ, ರಬ್ಬರ್ ಥರ ಎಳೆಯೋ ಪಟ್ಟಿ, ತೂತು ತೂತು ಇದ್ದು ಬಕಲ್ ಹಾಕೋದು, ಮೂಲದಲ್ಲಿ ಹಿಮದೂರಲ್ಲಿ ಸ್ಕೀ ಕಟ್ಟೋಕೆ ಮಾಡಿದ್ದು. ಕೆಸರಾದ್ರೂ ಅದಕ್ಕೆ ಲೆಕ್ಕ ಇಲ್ಲ, ತೂತಿಗೆ ಸಿಕ್ಕಿದ ಮೇಲೆ ಜಾರಲ್ಲ, ಒಳಗಿನ ಸಾಮಾನು ಕುಗ್ಗಿದ್ರೂ ಎಳೆತ ಇರೋದ್ರಿಂದ ತಾನಾಗೇ ಬಿಗಿ ಆಗುತ್ತೆ. ಅದೇ ಥರದ್ದು ಬೇರೆ ಕಂಪನಿದೂ ಸಿಗುತ್ತೆ. ಅದೂ ಬೇಡ ಅಂದ್ರೆ ಹಳೇ ಟ್ಯೂಬ್ ಉದ್ದಕ್ಕೆ ಸೀಳಿದ ಪಟ್ಟಿ, ಎಕ್ಸೆಲ್ ಗಾಡಿ ಮೇಲೆ ಮೂಟೆ ಕಟ್ತಾರಲ್ಲ ಅದೇ. ಈಗಿರೋ ಬ್ಯಾಗಿನ ಹೊಟ್ಟೆ ಕೆಳಗಿಂದ ತಂದು ಎರಡೂ ರೈಲಿಗೆ ಸೇರ್ಸಿ ಒಂದು ಸುತ್ತು ಬಿಗೀರಿ. ವೆಲ್ಕ್ರೋ ಬಿಟ್ರೂ ಬ್ಯಾಗು ರೋಡಿಗೆ ಬೀಳಲ್ಲ. ಬಿಸಿಲಿಗೆ ಒಂದಿನ ಬಿರುಕು ಬಿಡುತ್ತೆ, ಆಗ ಇನ್ನೊಂದು ಸೀಳಿದ್ರಾಯ್ತು, ಯಾರಪ್ಪನ ಗಂಟೇನ್ ಹೋಗುತ್ತೆ.

---

ನಿಧಾನ_ಸವಾರ

ನನ್ ಕೇಳಿದ್ರೆ ಸ್ಯಾಡಲ್ ಬ್ಯಾಗೇ ಬೇಡ ಅಂತೀನಿ. ಸೈಕಲಲ್ಲಿ ಜಾಸ್ತಿ ಏಟು ತಿನ್ನೋ ಜಾಗಕ್ಕೆ ಹೋಗಿ ಸಾಮಾನು ನೇತುಹಾಕೋದು ಯಾಕೆ? ಫ್ರೇಮಿನ ತ್ರಿಕೋನದೊಳಗೆ ಚಿಕ್ಕ ಫ್ರೇಮ್ ಬ್ಯಾಗ್ ಹಾಕಿ, ಭಾರ ಮಧ್ಯಕ್ಕೆ ಬರುತ್ತೆ, ಕೆಸರೂ ಕಮ್ಮಿ.

---

ಹಾಸನ್_ಹೈದ

@ನಿಧಾನ_ಸವಾರ ಚಿಕ್ಕ ಫ್ರೇಮಲ್ಲಿ ಫ್ರೇಮ್ ಬ್ಯಾಗ್ ಹಾಕಿದ್ರೆ ಬಾಟಲಿ ತೆಗೆಯೋದೇ ಸಾಹಸ ಸರ್. ಮುಳ್ಳಯ್ಯನಗಿರಿ ಹತ್ತೋವಾಗ ಎರಡು ಬಾಟಲಿ ನೀರೂ ಸಾಲಲ್ಲ. ಟೂರಿಂಗಿಗೆ ಸರಿ, ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರೋರಿಗೆ ಸೀಟಿನ ಕೆಳಗೇ ಒಳ್ಳೇದು. ದೊಡ್ಡ ಸೀಟ್ ಪ್ಯಾಕ್ (ಸೀಟಿನ ಹಿಂದಕ್ಕೆ ಚಾಚಿರೋ ಉದ್ದ ಬ್ಯಾಗ್) ಬಗ್ಗೆ ಹೇಳೋದಾದ್ರೆ ನಿಮ್ ಮಾತು ಒಪ್ತೀನಿ, ಹತ್ತು ಲೀಟರ್ ಮೇಲಿನದು ಜಲ್ಲಿ ಮೇಲೆ ತೂಗಾಡೇ ತೂಗಾಡುತ್ತೆ.

---

ತೋಟದ_ಗಾಲಿ

ಎಲ್ರಿಗೂ ಥ್ಯಾಂಕ್ಸ್. ಬಾಟಲಿ ಎರಡೂ ಬೇಕೇ ಬೇಕು, ಆದ್ರಿಂದ ಸ್ಯಾಡಲ್ ಬ್ಯಾಗೇ. ಬೋವಾ ಮತ್ತೆ ಕ್ಲಿಪ್ ಬಗ್ಗೆ ಯಾರೂ ಹೇಳ್ಲಿಲ್ಲ? ಇನ್ನೊಂದು, ಕಾರ್ಬನ್ ಸೀಟ್‌ಪೋಸ್ಟಿಗೆ ಪಟ್ಟಿ ಸುತ್ತೋ ಜಾಗದಲ್ಲಿ ಆಗ್ಲೇ ಮಂಕಾಗಿದೆ, ಬೆರಳಲ್ಲಿ ಮುಟ್ಟಿದ್ರೆ ಒರಟು. ಅಪಾಯನಾ?

---

ರಿಪೇರಿ_ಅಣ್ಣ (ಬೇಲೂರು)

ಪಟ್ಟಿಗೂ ಪೋಸ್ಟಿಗೂ ಮಧ್ಯೆ ಧೂಳು ಸೇರಿದ್ರೆ ಉಪ್ಪುಕಾಗದ ಇಟ್ಟು ಉಜ್ಜಿದ ಹಾಗೇನೇ ತಮ್ಮ, ಬ್ಯಾಗ್ ಅಲ್ಲಾಡಿದಷ್ಟೂ ಉಜ್ಜುತ್ತೆ. ಬರೀ ಮೇಲಿನ ವಾರ್ನಿಶ್ ಹೋಗಿದ್ರೆ ನೋಡೋಕೆ ಅಸಹ್ಯ ಅಷ್ಟೇ. ಆದ್ರೆ ಉಗುರಿಗೆ ಗೆರೆ ಸಿಕ್ತಾ ಇದ್ರೆ, ಒಳಗಿನ ನೂಲು ಕಾಣ್ತಿದ್ರೆ, ಆ ಪೋಸ್ಟ್ ಮೇಲೆ ಕೂರ್ಬೇಡಿ, ಯಾರಿಗಾದ್ರೂ ತೋರ್ಸಿ. ಸರಿ ಇದ್ರೆ ಚೆನ್ನಾಗಿ ಒರೆಸಿ ಫ್ರೇಮಿಗೆ ಅಂಟಿಸೋ ಪಾರದರ್ಶಕ ಟೇಪ್ ಒಂದು ಸುತ್ತು ಹಾಕಿ.

ತುಂಬಾ ಜನ ತಲೆಕೆಳಗೆ ಮಾಡೋ ಕೆಲಸ ಏನಂದ್ರೆ ಸೀಟ್‌ಪೋಸ್ಟ್ ಪಟ್ಟಿನ ಜೀವ ಹೋಗೋ ಹಾಗೆ ಬಿಗೀತಾರೆ, ರೈಲಿನ ಪಟ್ಟಿ ಸುಮ್ನೆ ಬಿಡ್ತಾರೆ. ಭಾರ ಹೊರೋದು ರೈಲು. ಬ್ಯಾಗಿನ ಬೆನ್ನು ಸೀಟಿನ ತಳಕ್ಕೆ ತಾಗೋವರೆಗೂ ಮೇಲಕ್ಕೆ ಎಳೀಬೇಕು, ಪೋಸ್ಟಿನ ಪಟ್ಟಿ ಆ ಕಡೆ ಈ ಕಡೆ ಹೋಗದ ಹಾಗೆ ತಡೆಯೋಕೆ ಮಾತ್ರ. ಆಮೇಲೆ ಬ್ಯಾಗ್ ಹಿಡ್ಕೊಂಡು ಜೋರಾಗಿ ಅಲ್ಲಾಡ್ಸಿ, ಅದರ ಜೊತೆ ಇಡೀ ಸೈಕಲ್ಲೇ ಅಲ್ಲಾಡಿದ್ರೆ ಸರಿ ಕಟ್ಟಿದೀರ ಅಂತ.

ಬೋವಾ ಒರಟು ರೋಡಿಗೆ ನಂಗೆ ಇಷ್ಟ. ಸಿಲ್ಕಾ ಕಂಪನಿಯವರ ಮಟ್ಟೋನೆ ಬ್ಯಾಗ್ ನೋಡಿ, ರೈಲಿಗೆ ಒಂದೇ ಪಟ್ಟಿ, ಡಯಲ್ ತಿರುಗ್ಸಿದ್ರೆ ಬ್ಯಾಗು ಮೇಲಕ್ಕೆ ಅಮರ್ಕೊಂಡು ಕೂರುತ್ತೆ, ಪೋಸ್ಟಿಗೆ ಪಟ್ಟಿನೇ ಇಲ್ಲ, ಹಂಗಾಗಿ ನಿಮ್ ಕಾರ್ಬನ್ ಉಜ್ಜೋ ತಲೆನೋವೂ ಇಲ್ಲ. ದುಡ್ಡು ಮಾತ್ರ ಜಾಸ್ತಿ, ಡಯಲ್ ಸುತ್ತ ಕೆಸರು ಕಟ್ಟಿದ್ರೆ ತೊಳೀಬೇಕು, ಪ್ರೆಶರ್ ವಾಷರ್ ಅಲ್ಲ, ಮಗ್ಗಿನ ನೀರು. ಕ್ಲಿಪ್ ಥರದ್ದು ಊರೊಳಗೆ ಸೈಕಲ್ ನಿಲ್ಸಿ ಬ್ಯಾಗ್ ಕೈಲಿ ತಗೊಂಡು ಹೋಗೋರಿಗೆ ಅನುಕೂಲ, ಜಲ್ಲಿ ಮೇಲೆ ಪ್ಲಾಸ್ಟಿಕ್ಕು ಕಟಕಟ ಅನ್ನುತ್ತೆ, ತಗೊಂಡ್ರೆ ಮೇಲೊಂದು ಪಟ್ಟಿ ಹಾಕ್ಲೇಬೇಕು. ರೈಲು ಕಬ್ಬಿಣದ್ದೋ ಕಾರ್ಬನ್ನೋ ನೋಡ್ಕೊಳ್ಳಿ, ಲೋಹದ್ದು 7 ಎಂಎಂ ಗುಂಡಗಿರುತ್ತೆ, ಕಾರ್ಬನ್ ರೈಲು ಸಾಮಾನ್ಯವಾಗಿ 7 ಅಗಲ 9 ಎತ್ತರ, ಎಲ್ಲಾ ಕ್ಲಿಪ್ಪೂ ಅದಕ್ಕೆ ಕೂರಲ್ಲ. ಸೀಟು ತೀರಾ ಮುಂದಕ್ಕೆ ತಳ್ಳಿದ್ರೆ ಹಿಂದೆ ಪಟ್ಟಿ ಹಾಕೋಕೆ ರೈಲೇ ಉಳಿದಿರಲ್ಲ, ಅದನ್ನೂ ಅಳೆದು ಆರ್ಡರ್ ಮಾಡಿ.

---

ತೋಟದ_ಗಾಲಿ

ಟಾರ್ಚ್ ಹಾಕಿ ನೋಡ್ದೆ ಅಣ್ಣ, ಉಗುರಿಗೆ ಏನೂ ಸಿಗ್ತಿಲ್ಲ, ವಾರ್ನಿಶ್ ಮಾತ್ರ ಹೋಗಿದೆ. ರೈಲು ಸ್ಟೀಲೇ. ಬೋವಾದು ಬಜೆಟ್ ಮೀರುತ್ತೆ, ಮುಕ್ಕಾಲು ಲೀಟರಿಂದು ಪಟ್ಟಿ ಬ್ಯಾಗು ಮತ್ತೆ ವೊಯ್ಲ್ ಥರದ ಸ್ಟ್ರಾಪ್ ಆರ್ಡರ್ ಹಾಕ್ತೀನಿ, ಅದು ಬರೋವರೆಗೂ ಟ್ಯೂಬ್ ಪಟ್ಟಿ. ಜಿಪ್ಪಿಗೆ ಕೆಸರು ಕೂತು ಸಿಕ್ಕಾಕೊಳ್ಳುತ್ತಲ್ಲ ಅದಕ್ಕೇನು, ಚೈನ್ ಎಣ್ಣೆ ಹಾಕ್ಬೋದಾ?

---

ಹೆತ್ತೂರ್_ಮಳೆ

ಎಣ್ಣೆ ಬೇಡ, ಇನ್ನೂ ಮಣ್ಣು ಹಿಡ್ಕೊಳ್ಳುತ್ತೆ. ತೊಳೆದು ಒಣಗಿಸಿ ಮೇಣದಬತ್ತಿ ಉಜ್ಜಿ. ಒಳಗಿರೋದನ್ನ ಒಂದು ಹಾಲಿನ ಪ್ಯಾಕೆಟ್ ಕವರಲ್ಲಿ ಸುತ್ತಿ ಹಾಕಿ, ಕ್ವಿಕ್ ಲಿಂಕ್ ಮಳೇಲಿ ತುಕ್ಕು ಹಿಡಿದಿರುತ್ತೆ ಇಲ್ಲಾಂದ್ರೆ.