ಅಮ್ಮನನ್ನು ಲಕ್ಷದ್ವೀಪಕ್ಕೆ ಕರೆದುಕೊಂಡು ಹೋಗಬಹುದಾ?

ನೀರ್ಚಾಲಿನಿಂದ: ಕೊಚ್ಚಿಯಿಂದ ಹಡಗಿನಲ್ಲಿ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡುವ ಪ್ಯಾಕೇಜ್. ಒಂದೊಂದು ದ್ವೀಪದಲ್ಲಿ ಒಂದು ಹಗಲು ಗೈಡ್ ಜೊತೆ ಸುತ್ತಾಟ, ರಾತ್ರಿ ಹಡಗಿನಲ್ಲೇ. ಅಮ್ಮನಿಗೆ 64, ಮೊಣಕಾಲು ನೋವಿದೆ, ಮೀನು ತಿನ್ನುವುದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಕುಂಬಳೆಯಿಂದ: ನಾನು ನನ್ನ ಅಮ್ಮನ ಜೊತೆ ಜನವರಿಯಲ್ಲಿ ಹೋಗಿದ್ದೆ. ನಡೆಯುವುದು ಕಷ್ಟವಲ್ಲ, ದ್ವೀಪಗಳು ಚಿಕ್ಕವು, ನೆಲ ಸಮತಟ್ಟು. ಕಷ್ಟ ಇರುವುದು ಹಡಗಿನಿಂದ ಬೋಟಿಗೆ ಇಳಿಯುವಾಗ. ದೊಡ್ಡ ಹಡಗು ಹವಳದ ದಿಬ್ಬ ದಾಟಿ ಒಳಗೆ ಬರುವ ಹಾಗಿಲ್ಲ, ಹೊರಗೆ ಆಳದಲ್ಲೇ ನಿಲ್ಲುತ್ತದೆ, ಅಲೆಗೆ ಬೋಟು ಮೇಲೆ ಕೆಳಗೆ ಆಡುತ್ತಿರುತ್ತದೆ, ಅದು ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಕಾಲಿಡಬೇಕು. ಸಿಬ್ಬಂದಿ ಎರಡೂ ತೋಳು ಹಿಡಿದುಕೊಳ್ಳುತ್ತಾರೆ. ಆದರೂ ನನ್ನ ಅಮ್ಮ ಮೊದಲ ದಿನ ಹೆದರಿ ಅತ್ತೇಬಿಟ್ಟರು. ಎರಡನೇ ದಿನ ಅವರೇ ಮುಂದೆ ನಿಂತರು. ಡಾಕ್ಟರ ಹತ್ತಿರ ಮೊದಲೇ ಕೇಳಿ, ವಾಂತಿಯ ಮಾತ್ರೆಯನ್ನೂ ಬರೆಸಿಕೊಳ್ಳಿ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭವಿದೆ, ಮೆಟ್ಟಿಲು ತುಂಬಾ, ಅಮ್ಮ ಕೆಳಗೇ ಕೂರಲಿ. ಆ ದ್ವೀಪದ ಮಾತು ಮಹಲ್, ಮಾಲ್ದೀವ್ಸ್‌ನ ಭಾಷೆಯದೇ ಬಳಗ. ಉಳಿದೆರಡು ಕಡೆ ನಮ್ಮ ಮಲಯಾಳಂ ಸಾಕು, ಅವರ ರಾಗ ಮಾತ್ರ ಬೇರೆ.

ಬದಿಯಡ್ಕದಿಂದ: ಊಟದ ಚಿಂತೆ ಬೇಡ. ನಾವೂ ಸಸ್ಯಾಹಾರಿಗಳೇ. ಅನ್ನ, ಸಾಂಬಾರು, ಪಲ್ಯ ಸಿಕ್ಕಿತು. ತರಕಾರಿಯೆಲ್ಲ ಹಡಗಿನಲ್ಲಿ ಬರಬೇಕು, ಹಾಗಾಗಿ ಬಗೆಬಗೆಯದು ಕೇಳಬೇಡಿ. ಸೀಯಾಳ ಧಾರಾಳ.
ನಿಮ್ಮ ಅಮ್ಮನಿಗೆ ಗಾಜಿನ ತಳದ ಬೋಟು ಖಂಡಿತ ಮಾಡಿಸಿ, ಒದ್ದೆಯಾಗದೆ ಕೂತಲ್ಲೇ ಹವಳ ಕಾಣುತ್ತದೆ. ನನಗೆ ಜಾಸ್ತಿ ಮನಸ್ಸಿಗೆ ಹಿಡಿದದ್ದು ಕವರತ್ತಿಯಲ್ಲಿ ಗೈಡ್ ತೋರಿಸಿದ ನೀರಿನ ಘಟಕ. 2005ರಿಂದ ಇದೆ. ಮೇಲಿನ ಬೆಚ್ಚಗಿನ ಕಡಲ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ಪೈಪಿನಲ್ಲಿ ಎಳೆದ ತಣ್ಣೀರಿನಿಂದ ಆ ಆವಿಯನ್ನು ತಂಪು ಮಾಡಿ ಕುಡಿಯುವ ನೀರು ತೆಗೆಯುತ್ತಾರೆ. ಸುತ್ತಲೂ ಕಡಲಿದ್ದರೂ ಕುಡಿಯುವ ಹನಿಗೆ ಎಷ್ಟು ಪಾಡು, ಅಲ್ವಾ? ಅದನ್ನು ನೋಡಿದ ಮೇಲೆ ನಲ್ಲಿ ಸುಮ್ನೆ ಬಿಡಲು ಮನಸ್ಸು ಬರಲಿಲ್ಲ. ಹವಳದ ಚೂರು ಎತ್ತಿಕೊಂಡು ಬರಬೇಡಿ, ಕಾನೂನು ಒಪ್ಪುವುದಿಲ್ಲ. ಆ ದಿಬ್ಬವೇ ಅಲೆಯ ಹೊಡೆತ ತಡೆದು ದ್ವೀಪವನ್ನು ಕಾಯುವುದು.

ಮಂಜೇಶ್ವರದಿಂದ: ಒಂದು ವಿಷಯ ಸೇರಿಸುತ್ತೇನೆ. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಅಲ್ಲಿಯವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಅಕ್ಕಿ ಒಯ್ಯುತ್ತಿದ್ದರಂತೆ, ನಮ್ಮ ಅಜ್ಜ ಹೇಳುತ್ತಿದ್ದರು. ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಅವರು ಕೇಂದ್ರಾಡಳಿತಕ್ಕೆ. ನಿಮ್ಮ ಪ್ಯಾಕೇಜ್ ಆ ದ್ವೀಪಗಳಿಗೆ ಹೋಗುವುದಿಲ್ಲ, ಆದರೂ ಕಾಸರಗೋಡಿನವರು ಅಂತ ಗೈಡ್ ಹತ್ತಿರ ಹೇಳಿ, ಹಳೆಯ ಕಥೆ ತೆರೆದುಕೊಳ್ಳುತ್ತದೆ. ನಮಗೆ ಹಾಗೇ ಆಯಿತು, ಅರ್ಧ ಗಂಟೆ ಮಾತಾಡಿದರು.
ಮಳೆಗಾಲದಲ್ಲಿ ಬೇಡ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು. ಪರ್ಮಿಟ್ ಇಲ್ಲದೆ ಹಡಗು ಹತ್ತಿಸುವುದಿಲ್ಲ, ಅಮ್ಮನ ದಾಖಲೆಗಳನ್ನು ಈಗಲೇ ಹುಡುಕಿಡಿ. ಬೈರಾಸು ಎರಡು ಹಾಕಿಕೊಳ್ಳಿ, ಉಪ್ಪು ನೀರಿಗೆ ಒಂದು ಸಾಲದು.